ಭಾವನ ಕೈಗುಣ

ನಮ್ಮ ಸಭೆಯಲ್ಲಿ ಪವಿತ್ರಾತ್ಮನ ವರಗಳನ್ನು ಗುರುತಿಸಿದ ಭಾನುವಾರ ಅಕ್ಕನ ಗಂಡನಿಗೆ ರೋಗ ಗುಣಪಡಿಸುವ ವರ ಸಿಕ್ಕಿತು. ಭಾವನದು ಟೈಲ್ಸ್ ಅಂಗಡಿ. ಬಿರುಕು ಬಿಟ್ಟ ಟೈಲನ್ನು ಪೆಟ್ಟಿಗೆಯ ತಳಕ್ಕೆ ತುರುಕಿ ಮಾರುವ ಆಸಾಮಿ. ಪಾಸ್ಟರ್ ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು, ಕಣ್ಣು ಮುಚ್ಚಿ, ಯಾರಿಗೆ ಯಾವ ವರವೆಂದು ಹೇಳುತ್ತಾ ಹೋದರು. ಮುಂದಿನ ಬೆಂಚಿನವರಿಗೆಲ್ಲ ಪ್ರವಾದನೆ, ಬೋಧನೆ, ರೋಗ ಗುಣಪಡಿಸುವುದು. ಹಿಂದಿನ ಬೆಂಚಿನವರಿಗೆ ಕುರ್ಚಿ ಜೋಡಿಸುವ ವರ. ಪವಿತ್ರಾತ್ಮನೂ ಮುಖ ನೋಡಿ ಮಣೆ ಹಾಕುತ್ತಾನೆಂದು ನನಗೆ ತಿಳಿದದ್ದೇ ಅಂದು. ನನ್ನ ಪಾಲಿಗೆ ಬಂದದ್ದು ಸಹಾಯದ ವರ. ಅಂದರೆ ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ಮೈಕ್ ಸೆಟ್ಟನ್ನೇ ಇನ್ನು ಮುಂದೆಯೂ ನೋಡಿಕೊಳ್ಳುವುದು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಭಾವ ವರ ಸಿಕ್ಕ ಬಲಗೈಯನ್ನು ಸದಾ ಎದೆಯ ಮೇಲೆ ಜೋಪಾನವಾಗಿ ಇಟ್ಟುಕೊಂಡೇ ಓಡಾಡತೊಡಗಿದ. ಟೈಲ್ಸ್ ನೋಡಲು ಬಂದ ಗಿರಾಕಿಗೆ ಸೊಂಟ ಹಿಡಿದುಕೊಂಡರೂ ಪ್ರಾರ್ಥನೆ. ಅಕ್ಕ ಅವನೆದುರು ಕೆಮ್ಮುವುದನ್ನೇ ಬಿಟ್ಟಳು.

ಸಭೆಯಲ್ಲಿ ಅವನ ಕೈಗೆ ಮೊದಲು ಸಿಕ್ಕಿದ್ದು ನಮ್ಮಮ್ಮ. ಅಮ್ಮ ಇರುವುದು ಅಕ್ಕನ ಮನೆಯಲ್ಲೇ. ಸಕ್ಕರೆ ಕಾಯಿಲೆ ಬೇರೆ. ಬಲಗಾಲಿನ ಹೆಬ್ಬೆರಳ ಪಕ್ಕದಲ್ಲಿ ಒಂದು ಹುಣ್ಣು ಮಾಯದೆ ಕೂತಿತ್ತು. ಭಾವ ಎಲ್ಲರೆದುರು ಅದರ ಮೇಲೆ ಕೈಯಿಟ್ಟ. ನಮ್ಮಲ್ಲೊಂದು ಪದ್ಧತಿ ಇದೆ: ಪ್ರಾರ್ಥನೆ ಮಾಡಿಸಿಕೊಂಡವರು ಮುಂದಿನ ವಾರ ಎದ್ದುನಿಂತು ಗುಣವಾಯಿತೆಂದು ಸಾಕ್ಷಿ ಹೇಳಬೇಕು. ಹೇಳದಿದ್ದರೆ ವರ ಸುಳ್ಳೆಂದೇ ಲೆಕ್ಕ.

ಅಮ್ಮ ಎದ್ದುನಿಂತಳು. “ನೋವೆಲ್ಲ ಹೋಯ್ತು, ದೇವರಿಗೆ ಸ್ತೋತ್ರ” ಅಂದಳು. ಚಪ್ಪಾಳೆ ಬಿತ್ತು. ಅಂದಿನಿಂದ ಅವಳು ಮನೆಯೊಳಗೂ ಕಾಲುಚೀಲ ಹಾಕತೊಡಗಿದಳು.

“ಚಳಿ ಕಣೇ” ಅಂದಳು, ನಾನು ನೋಡಲು ಹೋದಾಗ, ಫ್ಯಾನು ಜೋರಾಗಿ ತಿರುಗುತ್ತಿದ್ದ ಕೋಣೆಯಲ್ಲಿ.

“ಕಾಲು ತೋರಿಸಮ್ಮ.”

“ಗುಣ ಆಗಿದ್ದನ್ನ ಏನು ನೋಡ್ತೀಯ? ನಿನಗೆ ಮೊದಲಿಂದ್ಲೂ ಎಲ್ಲದರಲ್ಲೂ ಅನುಮಾನ.”

ಕೋಣೆಯ ತುಂಬ ಪೌಡರಿನ ಘಾಟು, ಅದರಡಿಯಲ್ಲಿ ಇನ್ನೊಂದು ವಾಸನೆ. ನಾನು ಪಾದ ಹಿಡಿದು ಕಾಲುಚೀಲ ಎಳೆದೆ. ಅಂಟಿದ್ದ ಚರ್ಮವೂ ಜೊತೆಗೆ ಬಂತು. ಹೆಬ್ಬೆರಳು ಕಪ್ಪಾಗಿತ್ತು. ಭಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಕೈ ಎದೆಯ ಮೇಲೆ.

“ಭಾವ, ಕಾರು ತೆಗೀರಿ.”

“ಒಂದ್ಸಲ ಪ್ರಾರ್ಥನೆ ಮಾಡ್ಲಾ?”

“ಆ ಕೈಯಲ್ಲಿ ಕಾರಿನ ಬಾಗಿಲು ತೆಗೀರಿ. ಅಷ್ಟು ಸಾಕು.”

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಇನ್ನಷ್ಟು ತಡವಾಗಿದ್ದರೆ ಪಾದವೇ ಹೋಗುತ್ತಿತ್ತಂತೆ. ಭಾವನ ಮೇಲೆ ನನಗಿದ್ದದ್ದು ತಾತ್ಸಾರ. ಸಿಟ್ಟು ಬಂದದ್ದು ಅಮ್ಮನ ಮೇಲೆ. ಇಷ್ಟು ದಡ್ಡಳಾ ಇವಳು ಅನ್ನಿಸಿತು.

ಅಮ್ಮ ಕೋಲೂರಿಕೊಂಡು ಮತ್ತೆ ಸಭೆಗೆ ಬಂದ ದಿನ ಪಾಸ್ಟರ್ ಅವಳನ್ನು ಮುಂದೆ ಕರೆದರು. ತಪ್ಪಾಯಿತು ಅನ್ನುತ್ತಾರೇನೋ ಎಂದು ಕಾದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅಮ್ಮನ ತಲೆಯ ಮೇಲೆ ಕೈಯಿಟ್ಟು, “ಬೆರಳು ಹೋದರೂ ಅಲುಗದ ಈ ತಾಯಿಗೆ ದೇವರು ನಂಬಿಕೆಯ ವರ ಕೊಟ್ಟಿದ್ದಾನೆ. ಸಾಕ್ಷಿ ಹೇಳಿ, ಅಮ್ಮಾ” ಎಂದು ಮೈಕನ್ನು ಅವಳ ಕೈಗೆ ಕೊಟ್ಟರು.

ಅಮ್ಮ ಮೈಕನ್ನು ಬಾಯಿಯ ಹತ್ತಿರ ಹಿಡಿದಳು.

“ನಂಬಿಕೆ ಅಲ್ಲ ಪಾಸ್ಟರ್. ನಾನು ಒಂದು ದಿನಾನೂ ನಂಬಲಿಲ್ಲ. ನಾನಿರೋದು ಅಳಿಯನ ಮನೆ. ಅವರ ಅನ್ನ ತಿಂದ್ಕೊಂಡು, ಅವರ ಕೈ ಸುಳ್ಳು ಅಂತ ಎಲ್ಲರ ಮುಂದೆ ಹೇಗೆ ಹೇಳ್ಲಿ?”

ಪಾಸ್ಟರ್ ನನ್ನ ಕಡೆ ತಿರುಗಿ, ಮೈಕ್ ಆರಿಸು ಎಂದು ಸನ್ನೆ ಮಾಡಿದರು. ಸಹಾಯದ ವರ ನನ್ನದಲ್ಲವೇ? ಮೈಕಿನ ದನಿಯನ್ನು ಪೂರ್ತಿ ಏರಿಸಿದೆ.

“ರಾತ್ರಿಯೆಲ್ಲ ನೋವು. ಮಗಳಿಗೆ ಕೇಳಿಸ್ಬಾರ್ದು ಅಂತ ದಿಂಬು ಕಚ್ಕೊಂಡು ಮಲಗ್ತಿದ್ದೆ” ಎಂದದ್ದು ಗೋಡೆಗೋಡೆಗೂ ಕೇಳಿಸಿತು.

ಮುಂದಿನ ಬೆಂಚಿನಲ್ಲಿ ಭಾವ ಎದೆಯ ಮೇಲಿದ್ದ ಕೈಯನ್ನು ಮೆಲ್ಲಗೆ ಇಳಿಸಿ ಜೇಬಿಗೆ ಹಾಕಿಕೊಂಡ.