ಎಮ್ಮೆಯ ಪುಸ್ತಕದ ಪಾಠಗಳು

ಅಪ್ಪ ಗೌರವ ಹೋದ ಮೇಲೆ ನಮ್ಮ ಮಗಳು ಮಾನಸಿ ಶಾಲೆಯೊಳಗೆ ಕಾಲಿಡಲಿಲ್ಲ. ಗೇಟಿನ ತನಕ ಬರುತ್ತಿದ್ದಳು. ಅಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಕೊನೆಗೆ ಮೇಡಂ ಅವರೇ, ಸ್ವಲ್ಪ ದಿನ ಮನೆಯಲ್ಲಿರಲಿ ಎಂದರು. ಅವಳಿಗೆ ಆರು ವರ್ಷ.

ಗೌರವ ನನ್ನ ಗಂಡ. ಭಾಲ್ಕಿಯಲ್ಲಿ ಅಣ್ಣನ ಬೀಜ-ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಿದ್ದ, ದಿನಾ ಬೀದರದಿಂದ ಹೋಗಿಬರುತ್ತಿದ್ದ. ದೀಪಾವಳಿಗೆ ಮೊದಲು ಒಂದು ಸಂಜೆ ಅವನ ಬೈಕು ಬರಲಿಲ್ಲ. ಆ ಬಗ್ಗೆ ಇಷ್ಟು ಸಾಕು.

ಆ ಅಣ್ಣ, ನನ್ನ ಭಾವ ಕೈಲಾಶ, ಕೆಟ್ಟವರಲ್ಲ. ಬೀದರದ ಮೈಲೂರಿನ ನಮ್ಮ ಮನೆಗೆ ಬಂದು, ಚಪ್ಪಲಿ ಬಿಡುವಾಗಲೇ ಮಾತು ಶುರು ಮಾಡಿದರು.

“ಮನ್ಯಾಗೇ ಕುಂತ್ರ ಪೋರಿ ಹಾಳಾಗ್ತದ, ವಿಶಾಖಾ. ಭಾಲ್ಕಿಗಿ ಕಳಸು. ನಮ್ಮ ಮಕ್ಕಳ ಜೋಡಿ ಸಾಲಿಗಿ ಹೋಗ್ತದ.”

“ನಾ ಮನ್ಯಾಗ ಕಲಸ್ತೇನಿರಿ, ಭಾವಾರ.”

“ಕಲಸು. ಸಾಲಿ ಸುರು ಆಗೂದ್ರಾಗ ಒಂದು ಪುಸ್ತಕ ಓದಿ ತೋರಸಲಿ. ಓದಿದ್ರ ನಿನ್ನ ಹತ್ರೇ ಇರಲಿ. ಇಲ್ಲಂದ್ರ ನಾ ಕರಕೊಂಡು ಹೋಗ್ತೇನಿ ನೋಡು.”

ನಾನು ಕಲಬುರಗಿಯಲ್ಲಿ ಕನ್ನಡ ಎಂ.ಎ. ಮಾಡಿದವಳು. ಒಂದು ಮಗುವಿಗೆ ಓದಲು ಕಲಿಸುವುದು ಎಷ್ಟರ ಕೆಲಸ ಎಂದುಕೊಂಡೆ.

ಮಾನಸಿ ಕೈಯಿಂದ ಬಿಡದ ಚಿತ್ರಪುಸ್ತಕ ಒಂದಿತ್ತು. ಕೆರೆಗೆ ಇಳಿದ ಎಮ್ಮೆ ಮೇಲೆ ಬರಲು ಒಲ್ಲೆ ಎನ್ನುವ ಕತೆ. ಗೌರವ ದಿನಾ ಊಟದ ಮೇಲೆ ಅದನ್ನು ಓದುತ್ತಿದ್ದ. ಎಲ್ಲ ಪಾಠವನ್ನೂ ಅದರಿಂದಲೇ ಕಟ್ಟಬಹುದು ಅನ್ನಿಸಿತು. ಬೆಳ್ಳಕ್ಕಿಗಳಿಂದ ಕೂಡುವುದು-ಕಳೆಯುವುದು. ಹಿಟ್ಟು ನಾದುವ ಪರಾತಿನಲ್ಲಿ ಮಣ್ಣು-ನೀರು ಹಾಕಿ ಕೆರೆ. ಹಾಲಿಗೆ ಹೆಪ್ಪು ಹಾಕಿ ಮೊಸರಾಗುವುದನ್ನು ಕಾಯುವುದು. ಅಕ್ಷರಗಳಿಗೆ ಆ ಪುಸ್ತಕದ ಸಾಲುಗಳೇ.

ಮೊದಲ ದಿನ ನಾನು ಓದಿದೆ: “ಎಮ್ಮೆ ನೀರಿಗೆ ಇಳಿಯಿತು. ನೀರು ತಣ್ಣಗಿತ್ತು.”

“ಹಂಗಿಲ್ಲ ಅದು,” ಎಂದಳು ಮಾನಸಿ.

“ಹಂಗೇ ಅದ. ನೋಡು, ಇಲ್ಲಿ ಬರದಾರ.”

“ಬಾಬಾ ಬ್ಯಾರೆ ಓದ್ತಿದ್ದ.”

ಆಗ ಹೊಳೆಯಿತು. ಗೌರವನ ಊರು ಸಂತಪುರ. ಅಣ್ಣತಮ್ಮಂದಿರಿಬ್ಬರೂ ಹತ್ತಿರದ ಔರಾದದಲ್ಲಿ ಮರಾಠಿ ಶಾಲೆ ಕಲಿತವರು. ಕನ್ನಡದಲ್ಲಿ ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಅಷ್ಟೇ. ಗೌರವ ಓದುತ್ತಿರಲಿಲ್ಲ. ಚಿತ್ರ ನೋಡಿ ಹೇಳುತ್ತಿದ್ದ. ಪಕ್ಕದ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ನನಗೆ ಅವನ ದನಿ ಮಾತ್ರ ಕೇಳುತ್ತಿತ್ತು.

ಬೇಸಿಗೆಯಲ್ಲಿ ಅವಳನ್ನು ಸಂತಪುರಕ್ಕೆ ಕರೆದೊಯ್ದೆ. ನೆರೆಮನೆಯ ಅಮೀರ ಪಾಶಾ ಅವರ ಎಮ್ಮೆಯನ್ನು ದಾರದಿಂದ ಅಳೆದೆವು. ಅತ್ತೆ ಮೀರಾಬಾಯಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

“ಎಮ್ಮಿ ಅಳೀಲಾಕ ಎಂ.ಎ. ಕಲೀಬೇಕೇನವ್ವ?”

“ಅದಕ್ಕ ಕುಪ್ಪಸ ಹೊಲೀತೀರೇನ್ರಿ?” ಎಂದರು ಅಮೀರ ಪಾಶಾ.

ಮಾನಸಿ ನಕ್ಕಳು. ಆ ನಗು ನೋಡಿ ನಾನು ಪಾಠಗಳನ್ನು ಹೆಚ್ಚಿಸಿದೆ. ಎಮ್ಮೆಯ ಉದ್ದ ಅವಳಿಗೆ ನೆನಪಿತ್ತು. ಮೊಸರು ಹೇಗಾಗುತ್ತದೆ ಎಂದು ಗೊತ್ತಿತ್ತು. ಅಕ್ಷರದ ಕೆಳಗೆ ಬೆರಳಿಟ್ಟರೆ ಮಾತ್ರ ಅವಳ ಕಣ್ಣು ಚಿತ್ರಕ್ಕೆ ಹೋಗುತ್ತಿತ್ತು. ಗದರಿದೆ. ಬೇಡಿಕೊಂಡೆ. ಒಮ್ಮೆ ಚಿತ್ರದ ಮೇಲೆ ಕಾಗದ ಮುಚ್ಚಿದೆ. ಅವಳು ಕಾಗದವನ್ನೇ ನೋಡುತ್ತ ಕೂತಳು.

ಮೇ ಕೊನೆಗೆ ಭಾವ ಬಂದರು. ಚಹಾ ಕುಡಿದು, ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು.

“ಓದು ನೋಡಮ್ಮ ಈಗ.”

ಮಾನಸಿ ಪುಸ್ತಕ ತೆರೆದಳು.

“ಇದು ಸಂತಪುರದ ಎಮ್ಮಿ. ಔರಾದಕ್ಕ ಹೋಗೂದಿತ್ತು. ಬಸ್ಸಿನ್ಯಾಗ ಸೀಟ ಸಿಗಲಿಲ್ಲ, ಸಿಟ್ಟಿಲೆ ಕೆರ್ಯಾಗ ಹೋಗಿ ಕುಂತದ.” ಪುಟ ತಿರುವಿದಳು. “ಈ ಬೆಳ್ಳಕ್ಕಿ ಕಂಡಕ್ಟರ. ‘ಮುಂದ ಸರೀರಿ, ಮುಂದ ಸರೀರಿ’ ಅಂತದ. ಎಮ್ಮಿ ಅಂತದ, ‘ಮುಂದ ನೀರೇ ಅದರಿ ಸಾಹೇಬ್ರ, ಎಲ್ಲಿ ಸರೀಲಿ?’”

ಭಾವ ಹೊಟ್ಟೆ ಹಿಡಿದು ನಕ್ಕರು. ಅವಳು ಎಲ್ಲೂ ತಡವರಿಸಲಿಲ್ಲ. ಪ್ರತಿ ಪುಟವನ್ನೂ ಸರಿಯಾದ ಮಾತಿಗೆ ತಿರುವಿದಳು. ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದು ಗೌರವನದೇ. ಎಮ್ಮೆಗೆ ದಪ್ಪ ದನಿ ಕೊಡುವುದೂ ಅವನದೇ. ನಾನು ಗೋಡೆಗೆ ಒರಗಿದೆ. ಅಡುಗೆಮನೆಯಲ್ಲಿದ್ದು ಕೇಳದೆ ಬಿಟ್ಟ ಎಲ್ಲ ಮಾತುಗಳು ಈಗ ಕೇಳುತ್ತಿದ್ದವು. ಮುಗಿಯದಿರಲಿ ಅನ್ನಿಸಿತು.

ಮುಗಿಯಿತು.

“ಫಸ್ಟ ಕ್ಲಾಸ,” ಎಂದರು ಭಾವ. ಪುಸ್ತಕ ತೆಗೆದುಕೊಂಡು ಅಕ್ಷರಗಳನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ನನಗ ಇದು ತಿಳ್ಯಾಂಗಿಲ್ಲ. ನೀ ಹೇಳು ವಿಶಾಖಾ. ಬರದದ್ದೇ ಓದಿದ್ಳಲ್ಲ? ನೀ ಹೂಂ ಅಂದ್ರ ಮುಗೀತು. ಮತ್ತ ಕೇಳೂದಿಲ್ಲ.”

ಮಾನಸಿ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ಗೊತ್ತಿತ್ತು.

ಹೂಂ ಅನ್ನಬಹುದಿತ್ತು. ಬಾಯಿಗೆ ಬಂದೂ ಇತ್ತು. ಅಂದರೆ ನಾಳೆ ಮತ್ತೆ ಆ ಪುಸ್ತಕ ತೆರೆಯುತ್ತೇವೆ, ನಾನು ಇದೇ ಗೋಡೆಗೆ ಒರಗಿ ಕೇಳುತ್ತೇನೆ, ನಾಡಿದ್ದೂ ಕೇಳುತ್ತೇನೆ. ಮಗುವಿಗೆ ಒಂದು ಅಕ್ಷರವೂ ಬರುವುದಿಲ್ಲ, ಬರಲಿ ಅಂತ ನಾನೂ ಬಯಸುವುದಿಲ್ಲ. ಅದು ನನಗೆ ಸ್ಪಷ್ಟವಾಗಿ ಕಂಡಿತು. ಅವಳಿಗೆ ಹತ್ತು ವರ್ಷವಾದಾಗಲೂ ನಾವಿಬ್ಬರೂ ಇಲ್ಲೇ ಇರುತ್ತಿದ್ದೆವು.

“ಇಲ್ಲರಿ,” ಎಂದೆ. “ಓದಲಿಲ್ಲ. ಗೌರವ ಹೇಳ್ತಿದ್ದದ್ದು ಹೇಳಿದ್ಳು.”

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೂ ತಮ್ಮನ ದನಿ ಕೇಳಿಸಿತ್ತೇನೋ.

“ಸೋಮವಾರ ಬರ್ತೇನಿ,” ಎಂದರು. “ಬಟ್ಟಿ ಕಟ್ಟಿಡು.”

ಮಾನಸಿ ಅಳಲಿಲ್ಲ. ಭಾವನ ಅಂಗಿಯ ತುದಿ ಹಿಡಿದಳು.

“ದೊಡ್ಡಪ್ಪಾ, ಅಲ್ಲಿ ಯಾರು ಓದಿ ಹೇಳ್ತಾರ?”

“ಮೇಡಂ ಇರ್ತಾರ ಪುಟ್ಟಿ.”

“ಬರದದ್ದೇ ಓದ್ತಾರೇನು?”

“ಹೌದು ಮತ್ತ. ಬರದದ್ದೇ ಓದಬೇಕಲ್ಲ?”

“ಮಮ್ಮಿನೂ ಹಂಗೇ,” ಎಂದಳು.

ನಾನು ಚಹಾದ ಕಪ್ಪುಗಳನ್ನು ಒಳಗೆ ಒಯ್ದೆ.