ಅಟ್ಟದ ಮೇಲಿನ ಸಂವತ್ಸರಗಳು

ಚಿಕ್ಕಪೇಟೆಯ ರೇಷ್ಮೆ ಅಂಗಡಿಯ ಅಟ್ಟ ಹತ್ತಿದ ಪ್ರಭುದೇವನಿಗೆ ಎದುರಾದದ್ದು ಇಲಿಗಳಲ್ಲ, ಅಪ್ಪ ಚಂದ್ರಶೇಖರಯ್ಯನವರು ಅಂಗಡಿಯ ಆಳುಗಳಿಗೆ ಮಾಡಿಸುತ್ತಿದ್ದ ಹಳೇ ಇನ್ಶೂರೆನ್ಸ್ ಪಾಲಿಸಿಗಳು. ವರ್ಷಕ್ಕೊಂದು ಗಂಟು. ಪಾಲಿಸಿ ಯುಗಾದಿಯ ಆಸುಪಾಸಿನಲ್ಲಿ ಹೊಸದಾಗುತ್ತಿದ್ದುದರಿಂದ ಗಂಟಿನ ಮೇಲೆ ಇಸವಿ ಇರಲಿಲ್ಲ, ಸಂವತ್ಸರದ ಹೆಸರಿತ್ತು: ಭಾವ, ಧಾತು, ಶ್ರೀಮುಖ, ಅಂಗೀರಸ.

ಅದು ಎರಡು ಸಾವಿರದ ಮೂರರ ಬೇಸಿಗೆ. ಹೊಸ ಸೀರೆಗಳಿಗೆ ಜಾಗ ಬೇಕಿತ್ತು. ಆಡಿಟರು ಎಂಟು ವರ್ಷದ ಕಾಗದ ಸಾಕು ಎಂದಿದ್ದರು. ಅಪ್ಪನ ಲೆಕ್ಕವೇ ಬೇರೆ: ಅದೇ ಸಂವತ್ಸರ ತಿರುಗಿ ಬರುವ ತನಕ ಇಡಬೇಕು. ಅಂದರೆ ಅರವತ್ತು ವರ್ಷ.

“ಅಷ್ಟೊತ್ತಿಗೆ ನಾನೇ ಮೆಚ್ಯೂರ್ ಆಗಿರ್ತೀನಿ ಅಪ್ಪಾಜಿ.”

“ಆದ್ರೆ ಒಳ್ಳೇದೇ,” ಎಂದು ಅಪ್ಪ ತುಮಕೂರಿನ ಮದುವೆಗೆ ಹೊರಟರು.

ಅವರು ಬಸ್ಸು ಹತ್ತಿದ್ದೇ ತಡ, ಪ್ರಭುದೇವ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಅಪ್ಪನದೇ ಗೊಗ್ಗರು ದನಿಯಲ್ಲಿ ಗಂಟುಗಳ ಹಾಜರಿ ಕರೆದ. ಹೆಸರೇನೋ ಓದಿದ, ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಆದರೆ ಬಟ್ಟೆ ವ್ಯಾಪಾರದವನಿಗೆ ಪಂಚಾಂಗವೇಕೆ? ಗಂಟು ಕಟ್ಟಿದ್ದು ರೇಷ್ಮೆ ತುಂಡುಗಳಲ್ಲಿ. ಬಣ್ಣ ಮಾಸಿದ್ದು ಹಳತು, ಹೊಳೆಯುವುದು ಹೊಸತು. ಮಾಸಿದ್ದೆಲ್ಲ ರದ್ದಿ ಆಂಜಿನಯ್ಯನ ಗಾಡಿ ಸೇರಿತು.

ಮೂರನೆಯ ದಿನ ದೇವಯ್ಯ ಕೋಲೂರಿಕೊಂಡು ಬಂದರು. ಅಂಗಡಿಯ ಹಮಾಲರಾಗಿದ್ದವರು; ತೊಂಬತ್ತಮೂರರಲ್ಲಿ ಬಟ್ಟೆ ಮೂಟೆಯ ಸಮೇತ ಏಣಿಯಿಂದ ಬಿದ್ದು ಸೊಂಟ ಮುರಿದಿತ್ತು. ಪರಿಹಾರದ ಕೇಸು ಹತ್ತು ವರ್ಷದಿಂದ ಅವರಂತೆಯೇ ಕುಂಟುತ್ತಿತ್ತು. ಈಗ ಇನ್ಶೂರೆನ್ಸ್ ಕಂಪನಿಯವರು, ಆ ವರ್ಷ ಪಾಲಿಸಿ ಇದ್ದ ದಾಖಲೆ ನಮ್ಮಲ್ಲಿಲ್ಲ, ಶುಕ್ರವಾರದೊಳಗೆ ನೀವೇ ತೋರಿಸಿ ಎಂದಿದ್ದರು. ಆ ದುಡ್ಡು ಬಂದರೆ ಸೊಂಟದ ಆಪರೇಷನ್ನು. ಇಲ್ಲದಿದ್ದರೆ ಕೋಲೇ ಗತಿ.

“ಪೇಪರ್ ಇರ್ತದಲ್ವಾ ಸಣ್ ಯಜಮಾನ್ರೇ? ದೊಡ್ಡೋರು ಏನೂ ಬಿಸಾಕಲ್ಲ.”

ಊರವರ ದನಿಯನ್ನೆಲ್ಲ ತೆಗೆಯುವ ಪ್ರಭುದೇವ, “ನೋಡೋಣ,” ಎಂದ, ಅಪ್ಪನ ಗೊಗ್ಗರು ದನಿಯಲ್ಲೇ.

ಚಾಮರಾಜಪೇಟೆಯ ಮನೆಗೆ ಓಡಿದ. ಅಮ್ಮ ಶೈಲಜಮ್ಮ ಬೆರಳೆಣಿಸಿ, ತೊಂಬತ್ತಮೂರೆಂದರೆ ಶ್ರೀಮುಖ ಎಂದರು. ಶ್ರೀಮುಖದ ಗಂಟು ಮಾಸಿದ್ದರ ಜೊತೆ ಹೋಗಿತ್ತು. ಆಂಜಿನಯ್ಯನ ಬಳಿ ಹೋದರೆ ಲೋಡು ಆಗಲೇ ಕಾಗದದ ಮಿಲ್ಲು ಸೇರಿತ್ತು.

ಸಂಜೆ ತುಮಕೂರಿನಿಂದ ಬಂದ ಅಪ್ಪ ಚಪ್ಪಲಿ ಬಿಡುವ ಮೊದಲೇ ಪ್ರಭುದೇವ ತಪ್ಪೊಪ್ಪಿಕೊಂಡ. ಅಪ್ಪ ಬೈಯಲಿಲ್ಲ. ನೀರು ಕುಡಿದು, ದೇವಯ್ಯ ಬಿದ್ದದ್ದು ಯಾವಾಗ ಎಂದು ಕೇಳಿ, ತಾವೇ ಉತ್ತರ ಹೇಳಿದರು:

“ಸಂಕ್ರಾಂತಿ ಎಳ್ಳು ಬೀರಿದ ವಾರ. ಜನವರಿಗೆ ಕ್ಯಾಲೆಂಡರ್ ಬದಲಾಗುತ್ತೆ, ಸಂವತ್ಸರ ಬದಲಾಗೋದು ಯುಗಾದಿಗೆ. ಶ್ರೀಮುಖ ಅಲ್ವೋ, ಅಂಗೀರಸ ನೋಡು.”

ಪ್ರಭುದೇವ ಆಟೋ ಹಿಡಿದು ಅಂಗಡಿಗೆ ಹೋಗಿ ಅಟ್ಟ ಹತ್ತಿದ. ಅಂಗೀರಸದ ಗಂಟು ನಿನ್ನೆ ಮಗ್ಗದಿಂದ ಇಳಿದಂತೆ ಕೆಂಪಗೆ ಕೂತಿತ್ತು.

“ಧರ್ಮಾವರದ ತುಂಡು ಅದು. ಉಳಿಸಿದ್ದು ಬಣ್ಣ, ನಿನ್ ಬುದ್ಧಿ ಅಲ್ಲ,” ಎಂದರು ಅಪ್ಪ, ಫೋನಿನಲ್ಲಿ.

ಶುಕ್ರವಾರ ಕೋರ್ಟಿನಲ್ಲಿ ಕಂಪನಿಯ ವಕೀಲರು ಪಾಲಿಸಿಯನ್ನು ಎರಡು ಸಲ ತಿರುವಿ, ಕೊಡುತ್ತೇವೆ ಎಂದು ಒಪ್ಪಿಕೊಂಡರು. ಹೊರಗಿನ ಬೆಂಚಿನಲ್ಲಿ ದೇವಯ್ಯ ಆ ಕಾಗದವನ್ನು ಇಸಿದುಕೊಂಡು, ತಮ್ಮ ಹೆಸರೆಲ್ಲಿದೆ ಎಂದು ಕೇಳಿದರು. ಹೆಸರಿರಲಿಲ್ಲ; ‘ಹಮಾಲರು, ನಾಲ್ಕು’ ಎಂದಷ್ಟೇ ಟೈಪಾಗಿತ್ತು. ಪ್ರಭುದೇವ ಅದರ ಕೆಳಗೆ ಬೆರಳಿಟ್ಟು ತೋರಿಸಿದ.

“ನಾಕರಲ್ಲಿ ನಾನ್ಯಾವನು?”

“ಮೊದಲನೇವ್ರು,” ಎಂದ ಪ್ರಭುದೇವ, ತನ್ನದೇ ದನಿಯಲ್ಲಿ.