ಸಾರಿಸದ ನೆಲ

ಹೊಳೆ ಇಳಿದು ಒಂದೂವರೆ ತಿಂಗಳಾಗಿದ್ದರೂ ಹರಿಹರದ ಹೊಳೆದಂಡೆಯ ಕೇರಿಯಲ್ಲಿ ರಾಡಿ ಒಣಗಿರಲಿಲ್ಲ. ಕಾಲಿಟ್ಟರೆ ಹಿಮ್ಮಡಿ ಮುಳುಗುತ್ತಿತ್ತು. ಬಿದ್ದ ಗೋಡೆಗಳ ಮಣ್ಣು, ಸತ್ತ ಕೋಳಿ, ಕೊಳೆತ ಜೋಳ ಎಲ್ಲ ಸೇರಿ ಬರುತ್ತಿದ್ದ ನಾತಕ್ಕೆ ಜನರ ಮೂಗು ಒಗ್ಗಿಹೋಗಿತ್ತು. ಅರವತ್ತು ಮನೆಯವರು ಪಕ್ಕದ ದಿಬ್ಬದ ಮೇಲೆ ಚಾಪೆ, ಗೋಣಿತಾಟು ಕಟ್ಟಿಕೊಂಡು, ಸರ್ಕಾರ ಕೊಡುತ್ತೇನೆಂದ ತಗಡಿನ ದಾರಿ ಕಾಯುತ್ತಿದ್ದರು.

ತಗಡು ಬಂದಿರಲಿಲ್ಲ ಅಂತಲ್ಲ. ಬಂದಿತ್ತು. ದಿಬ್ಬದ ಬುಡದಲ್ಲೇ ಆಳೆತ್ತರ ಒಟ್ಟಿದ್ದರು. ಹಂಚಬೇಕಾದರೆ ತಾಲ್ಲೂಕಿನ ಅಮಲ್ದಾರರ ಪಟ್ಟಿ ಬರಬೇಕಂತೆ. ಪಟ್ಟಿ ಬರುವವರೆಗೆ ಅದೆಲ್ಲ ಗುತ್ತಿಗೆದಾರ ಕೊಟ್ಟೂರಪ್ಪನ ವಶ. ದೇವರು ಕೊಟ್ಟರೂ ಪೂಜಾರಿ ಬಿಡ ಅನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಆ ಅಟ್ಟಿಯನ್ನು ಕಾಯಲು ಕೊಟ್ಟೂರಪ್ಪ ಅದೇ ಕೇರಿಯ ಗುತ್ತೆಪ್ಪನನ್ನು ಇಟ್ಟಿದ್ದ. ನಮ್ಮ ತಗಡು ನಾವು ಕಾಯೋದಕ್ಕೆ ನಮಗೇ ಕೂಲಿ ಕೊಡ್ತಾರೆ ನೋಡು ಎಂದು ಗುತ್ತೆಪ್ಪ ಹೆಂಡತಿ ದುರುಗವ್ವನ ಮುಂದೆ ಹೇಳಿಕೊಂಡು ನಗುತ್ತಿದ್ದ.

ನೆರೆ ಬಂದ ಮೇಲೆ ಊರಿನ ಬುದ್ಧಿಯೇ ಕೆಟ್ಟಿತ್ತು. ಹಾಡುಹಗಲೇ ಚಾಕು ತೋರಿಸಿ ಕಿತ್ತುಕೊಳ್ಳುತ್ತಿದ್ದರು. ಒಂದು ಮೂಟೆ ಪರಿಹಾರದ ಅಕ್ಕಿಗೆ ಇಬ್ಬರು ತಲೆ ಒಡೆದುಕೊಂಡಿದ್ದರು. ಪೇಟೆಯ ಸಾವ್ಕಾರರೊಬ್ಬರ ತಿಜೋರಿ ಕಳುವಾದಾಗ ಪೊಲೀಸರು ಭಾನುವಳ್ಳಿ, ಮಲೆಬೆನ್ನೂರು ಎಲ್ಲ ಜಾಲಾಡಿ ಮೂರೇ ದಿನದಲ್ಲಿ ಕಳ್ಳರ ಕೈಗೆ ಹಗ್ಗ ಹಾಕಿ ತಂದರು. ಪೇಟೆಯ ಮೂಲೆ ಮೂಲೆಗೂ ಲಾಠಿ ಹಿಡಿದ ಪೇದೆ ನಿಂತ. ದಿಬ್ಬದ ಕಡೆ ಒಬ್ಬನೂ ತಲೆ ಹಾಕಲಿಲ್ಲ. ಅಲ್ಲಿ ಕಾಯುವಂಥದ್ದು ಏನಿದೆ? ಬರೀ ಜನ ತಾನೇ.

ಒಂದು ದಿನ ಬೆಳಕು ಹರಿಯುವಾಗ ದುರುಗವ್ವ ಗಂಡನಿಗೆ ಅಂಬಲಿ ತೆಗೆದುಕೊಂಡು ಹೋದಳು. ಗುತ್ತೆಪ್ಪ ಅಟ್ಟಿಯ ಪಕ್ಕ ಬೋರಲು ಬಿದ್ದಿದ್ದ. ಹಿಂದಲೆ ಒಡೆದಿತ್ತು. ಅಟ್ಟಿ ಅರ್ಧಕ್ಕೆ ಇಳಿದಿತ್ತು. ರಾಡಿಯಲ್ಲಿ ಗಾಡಿಯ ಚಕ್ರದ ಗೆರೆ ಮೂಡಿತ್ತು. ಗುತ್ತೆಪ್ಪನ ತಲೆಯ ಹತ್ತಿರ ಲಾಳ ಹೊಡೆದ ಬೂಟಿನ ಹೆಜ್ಜೆಗಳಿದ್ದವು, ಅಚ್ಚೊತ್ತಿದ ಹಾಗೆ. ಹಿಮ್ಮಡಿಯ ಲಾಳ ಒಂದು ಪಕ್ಕ ಮುರಿದಿತ್ತು.

ಬರಿಗಾಲಿನ ಕೇರಿಯದು. ಅಲ್ಲಿಗೆ ಬೂಟು ಹಾಕಿಕೊಂಡು ಬರುತ್ತಿದ್ದವನು ಕೊಟ್ಟೂರಪ್ಪನ ಮೇಸ್ತ್ರಿ ಕೆಂಚವೀರಪ್ಪ ಒಬ್ಬನೇ. ಹಿಂದಿನ ದಿನ ಸಂಜೆ ಅವನು ಗಾಡಿ ತಂದು ತಗಡು ಹೇರಲು ನೋಡಿದ್ದ. ಗುತ್ತೆಪ್ಪ ಚಕ್ರಕ್ಕೆ ಅಡ್ಡ ಕೂತು, ಪಟ್ಟಿ ಓದಿದ ಮೇಲೆ ಒಯ್ಯಿರಿ ಎಂದಿದ್ದ. ನಿನ್ನನ್ನು ನೋಡಿಕೊಳ್ಳುತ್ತೇನೆ ಎಂದು ಬೈದು ಮೇಸ್ತ್ರಿ ಗಾಡಿ ತಿರುಗಿಸಿದ್ದನ್ನು ಕೇರಿಗೆ ಕೇರಿಯೇ ನೋಡಿತ್ತು.

ಹೊತ್ತೇರಿದ ಮೇಲೆ ರಜಾಕ್ ಎಂಬ ಪೇದೆ ಬಂದ. ಹೆಣವನ್ನು ಎತ್ತಿನಗಾಡಿಗೆ ಹಾಕಿಸಿ, ಕೊಯ್ಯಿಸಬೇಕೆಂದು ದಾವಣಗೆರೆಯ ಆಸ್ಪತ್ರೆಗೆ ಹೊರಡಿಸಿದ. ಸಾಹೇಬರು ಮಧ್ಯಾಹ್ನ ಬಂದು ನೋಡ್ತಾರೆ ಅಂತಷ್ಟೇ ಹೇಳಿದ. ಈ ಜಾಗ ಮುಟ್ಟಬೇಡಿ ಎಂದು ಇನ್ನೊಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಹೇಳಲಿಲ್ಲ. ಬಡವರ ಹೆಣ ಬಿದ್ದ ಜಾಗಕ್ಕೂ ಒಂದು ಬೆಲೆಯಿದೆ ಎಂದು ಅವನಿಗೂ ಹೊಳೆಯಲಿಲ್ಲ.

ಗಾಡಿ ಮರೆಯಾಗುತ್ತಿದ್ದಂತೆ ಕೇರಿಯ ಹಿರಿಯಳು ಕೊಟ್ರವ್ವ ಸಗಣಿ ಕಲಸಿದ ಬಕೆಟ್ಟು ತಂದಿಟ್ಟಳು. ಹೆಣ ಎತ್ತಿದ ಜಾಗ ಸಾರಿಸದೆ ಬಿಡುವಂತಿಲ್ಲ. ಸಾರಿಸುವವರೆಗೆ ಕೇರಿಯಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ. ಅದು ಅಜ್ಜಿ ಮುತ್ತಜ್ಜಿಯರ ಕಾಲದ ಕಟ್ಟಳೆ.

"ಸಾರ್ಸವ್ವಾ ನನ ತಾಯಿ," ಎಂದಳು ಕೊಟ್ರವ್ವ. "ಹುಡ್ರು ಹಸ್ಕಂಡು ಅಳ್ತಾವೆ."

ದುರುಗವ್ವ ಮೊಣಕಾಲೂರಿ ಕೂತಳು. ಗಂಡನ ಮೈ ತೊಳೆಯುವಷ್ಟೇ ಜತನದಿಂದ ಸಾರಿಸಿದಳು. ರಕ್ತ ಹೋಯಿತು, ಚಕ್ರದ ಗೆರೆ ಹೋಯಿತು. ಬೂಟಿನ ಹೆಜ್ಜೆಗೆ ಬಂದಾಗ ಅವಳ ಕೈ ಒಂದು ಗಳಿಗೆ ನಿಂತಿತು. ಕೊಂದವನ ಹೆಜ್ಜೆ ಗಂಡ ಪ್ರಾಣ ಬಿಟ್ಟ ಜಾಗದಲ್ಲಿ ಉಳಿಯಬಾರದು ಅನ್ನಿಸಿತು. ಸಿಟ್ಟಿನಿಂದ ಎರಡೆರಡು ಸಲ ಉಜ್ಜಿ ಅಳಿಸಿದಳು. ಅಯ್ಯೋ, ಆ ಗಳಿಗೆ ಅವಳ ಕೈಯನ್ನು ಯಾರಾದರೂ ಹಿಡಿಯಬಾರದಿತ್ತೆ?

ಮಧ್ಯಾಹ್ನ ಜೀಪು ಬಂತು. ಇಳಿದವರು ಸಬ್ ಇನ್ಸ್‌ಪೆಕ್ಟರ್ ಸಾಹೇಬರು. ಜೀಪಿನ ಮುಂದಿನ ಸೀಟಿನಲ್ಲಿ ಎಲೆಅಡಿಕೆ ಜಗಿಯುತ್ತ ಕೂತವನು ಕೊಟ್ಟೂರಪ್ಪ. ತಗಡು ಹೋದದ್ದು ತನ್ನ ವಶದಿಂದ, ಹಾಗಾಗಿ ಫಿರ್ಯಾದಿಯೂ ಅವನೇ. ಬೇಲಿಯೇ ಹೊಲ ಮೇಯ್ದು ದನದ ಮೇಲೆ ದೂರು ಕೊಟ್ಟಂತಾಯಿತು. ದುರುಗವ್ವ ಮುಂದೆ ಬಂದು ಹಿಂದಿನ ಸಂಜೆಯ ಜಗಳ, ಬೂಟು, ಮುರಿದ ಲಾಳ ಎಲ್ಲ ಹೇಳಿದಳು. ಗಂಡನನ್ನು ಕೊಂದವನ ಹೆಸರು ಸರ್ಕಾರದ ಕಾಗದದಲ್ಲಿ ಬರೆದುಕೊಳ್ಳಿ, ಅಷ್ಟು ಸಾಕು ಎಂದು ಕೈಮುಗಿದಳು.

"ಹೆಜ್ಜೆ ಎಲ್ಲೈತೆ? ತೋರ್ಸು," ಎಂದರು ಸಾಹೇಬರು.

ಅವಳು ನೆಲ ನೋಡಿದಳು. ಹಸಿರಾಗಿ, ನುಣ್ಣಗೆ ಸಾರಿಸಿದ ನೆಲ.

"ಯಾರು ಸಾರ್ಸಿದ್ದು ಇದನ್ನ?"

"ನಾನೇ ಸಾರ್ಸಿದ್ನಿರೀ. ಹೆಣ ಎತ್ತಿದ್ ಮ್ಯಾಗೆ ಸಾರ್ಸಬೇಕಲ್ರೀ."

ಸಾಹೇಬರು ಕೊಟ್ಟೂರಪ್ಪನ ಕಡೆ ತಿರುಗಿ ನಕ್ಕರು. ಸಾಕ್ಷಿ ಅಳಿಸಿದವರು ಮನೆಯವರು ಅಂದಮೇಲೆ ಕೈವಾಡವೂ ಮನೆಯವರದೇ ಎಂದರು. ಮೇಸ್ತ್ರಿ ಬೈದದ್ದನ್ನು ತಾವು ನೋಡಿದ್ದೇವೆ ಎಂದು ಇಬ್ಬರು ಗಂಡಸರು ಮುಂದೆ ಬಂದರು. ನಿಮ್ಮ ಹೆಸರು ಹೇಳಿ, ತಗಡಿನ ಕಳುವಿನಲ್ಲಿ ನಿಮ್ಮನ್ನೂ ವಿಚಾರಿಸಬೇಕು ಎಂದ ಕೂಡಲೇ ಬಂದ ದಾರಿಯಲ್ಲೇ ಹಿಂದೆ ಸರಿದರು. ಅವರನ್ನು ಬೈಯಲು ನನಗೆ ಬಾಯಿಲ್ಲ. ಬಡವನ ಸಿಟ್ಟು ದವಡೆಗೆ ಮೂಲ, ಅದು ಅವರಿಗೆ ಪೆಟ್ಟು ತಿಂದೇ ಗೊತ್ತಾದದ್ದು.

ಗುಡಿಸಲು ಹಾಕುವ ಜಾಗಕ್ಕೆ ಗುತ್ತೆಪ್ಪನೂ ಅವನ ತಮ್ಮ ಕಾಟಪ್ಪನೂ ಹಿಂದೆ ಬಾಯಿ ಮಾಡಿಕೊಂಡದ್ದು ಯಾರಿಂದಲೋ ಸಾಹೇಬರ ಕಿವಿಗೆ ಬಿತ್ತು. ಮೊಳ ಜಾಗಕ್ಕೆ ಆಗ ದಿಬ್ಬದ ಮೇಲೆ ಯಾರು ಜಗಳ ಆಡಿರಲಿಲ್ಲ? ಸಂಜೆಯೊಳಗೆ ಕಾಟಪ್ಪನನ್ನು ಜೀಪಿಗೆ ಹಾಕಿಕೊಂಡು ಹೋದರು. ಅವನ ಹೆಂಡತಿ ಯಲ್ಲಕ್ಕ ಆರು ತಿಂಗಳ ಬಸುರಿ. ರಾಡಿಯಲ್ಲಿ ಜೀಪಿನ ಹಿಂದೆ ಓಡಿ ಎರಡು ಸಲ ಬಿದ್ದಳು.

ಮರುದಿನದಿಂದ ಓರಗಿತ್ತಿಯರಿಬ್ಬರೂ ಠಾಣೆಯ ಜಗಲಿ ಸೇರಿದರು. ಗುತ್ತೆಪ್ಪನ ಹೆಣ ದಾವಣಗೆರೆಯಿಂದ ಬಂತು. ಅದನ್ನು ಮಣ್ಣು ಮಾಡಿ ಬಂದು ದುರುಗವ್ವ ಮತ್ತೆ ಅದೇ ಜಗಲಿಯ ಮೇಲೆ ಕೂತಳು. ಒಳಗಿಂದ ಕಾಟಪ್ಪ ಕೂಗಿಕೊಳ್ಳುವುದು ಹಗಲೆಲ್ಲ ಕೇಳುತ್ತಿತ್ತು. ಒಪ್ಪಿಕೋ ಅನ್ನುವ ದನಿ, ಏಟಿನ ಸದ್ದು, ಆಮೇಲೆ ಅವನ ಕೂಗು. ರಸ್ತೆಯಲ್ಲಿ ಜನ ಸಂತೆಗೆ ಹೋಗುತ್ತಿದ್ದರು, ಬರುತ್ತಿದ್ದರು.

ಮೂರನೆಯ ದಿನ ರಜಾಕ್ ಒಂದು ತಂಬಿಗೆ ನೀರು ತಂದುಕೊಟ್ಟ. ಆಚೀಚೆ ನೋಡಿ ದನಿ ತಗ್ಗಿಸಿದ.

"ಯಕ್ಕಾ, ನಿನ್ ಕಡೆ ಮಾತಾಡೋದು ಆ ನೆಲ ಒಂದೇ ಇತ್ತು. ಅದನ್ನೂ ನೀನೇ ಯಾಕ ಅಳಿಸ್ದಿ?"

ದುರುಗವ್ವ ನೀರು ಕುಡಿಯದೆ ತಂಬಿಗೆ ಕೆಳಗಿಟ್ಟಳು. ನೆಲ ಸಾರಿಸಿದ ಕೈಯನ್ನು ಕಲ್ಲಿಗೆ ಹಾಕಿ ಜಜ್ಜಿಬಿಡಬೇಕು ಅನ್ನಿಸಿತು. ಗಂಡ ಹೋದ, ಕೊಂದವನು ಪೇಟೆಯಲ್ಲಿ ಚಹಾ ಕುಡಿಯುತ್ತಿದ್ದಾನೆ. ತಾನು ಸಾರಿಸಿದ್ದಕ್ಕೆ ಮೈದುನ ಒಳಗೆ ಏಟು ತಿನ್ನುತ್ತಿದ್ದಾನೆ. ಅವನನ್ನಾದರೂ ಜೀವಂತ ಹೊರಗೆ ತರದಿದ್ದರೆ ಯಲ್ಲಕ್ಕನ ಮುಖ ಹೇಗೆ ನೋಡಲಿ ಎಂದು ಕುದಿದಳು.

ಅಷ್ಟರಲ್ಲಿ ಹತ್ತಿ ಬಿಡಿಸುವ ಕೆಲಸಕ್ಕೆ ದಾವಣಗೆರೆಗೆ ಹೋಗಿದ್ದ ಕೇರಿಯ ಹೆಂಗಸರು ಒಂದು ಸುದ್ದಿ ತಂದರು. ಆನೆಕೊಂಡದ ಹಾದಿಯಲ್ಲಿ ಯಾರದೋ ಹತ್ತಿ ಗೋದಾಮಿಗೆ ಹೊಸ ತಗಡು ಹೊದಿಸಿದ್ದಾರಂತೆ, ಬಿಸಿಲಿಗೆ ಫಳಫಳ ಅನ್ನುತ್ತಿದೆಯಂತೆ. ದುರುಗವ್ವ ಅದನ್ನೂ ಸಾಹೇಬರಿಗೆ ಹೇಳಿದಳು. ತಗಡಿನ ಮೇಲೆ ನಿಮ್ಮ ಕೇರಿಯ ಹೆಸರು ಬರೆದಿದೆಯೇನು ಎಂದು ಕೇಳಿದರು. ತಿಜೋರಿಯ ಮೇಲೆ ಸಾವ್ಕಾರರ ಹೆಸರು ಬರೆದಿತ್ತೆ ಎಂದು ತಿರುಗಿ ಕೇಳಬೇಕಿತ್ತು. ಆ ಮಾತು ಅವಳಿಗೆ ಹೊಳೆದದ್ದು ದಿಬ್ಬ ಹತ್ತುವಾಗ.

ಆರನೆಯ ದಿನ ಬೆಳಿಗ್ಗೆ ಸಾಹೇಬರೇ ಒಳಗೆ ಕರೆದರು. ಮೇಜಿನ ಮೇಲೆ ಬರೆದಿಟ್ಟ ಕಾಗದ, ಪಕ್ಕದಲ್ಲಿ ಮಸಿ ದಿಂಬು. ರೈಟರ್ ಓದಿ ಹೇಳಿದ. ಗುತ್ತೆಪ್ಪ ಕುಡಿದ ಅಮಲಿನಲ್ಲಿ ಅಟ್ಟಿ ಹತ್ತಿ, ಕಾಲು ಜಾರಿ ಬಿದ್ದು ಸತ್ತ, ಯಾರ ಮೇಲೂ ಸಂಶಯ ಇಲ್ಲ ಎಂದಿತ್ತು.

"ನನ್ ಗಂಡ ಹೆಂಡ ಮೂಸಿದೋನಲ್ರೀ."

"ಹೆಬ್ಬೆಟ್ಟು ಒತ್ತಿದ್ರೆ ಇವತ್ತೇ ನಿನ್ ಮೈದುನನ್ನ ಬಿಡ್ತೀನಿ. ಇಲ್ಲಾಂದ್ರೆ ಕೊಲೆ ಕೇಸು. ಗಲ್ಲು ಆದ್ರೂ ಆತು."

ಒತ್ತುವುದಿಲ್ಲ ಎಂದು ದುರುಗವ್ವ ಹೊರಗೆ ಬಂದಳು. ಯಲ್ಲಕ್ಕ ಓರಗಿತ್ತಿಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಳು, ಅಷ್ಟೇ. ಒಳಗಿಂದ ಮತ್ತೆ ಕೂಗು ಕೇಳಿತು. ದುರುಗವ್ವ ಎದ್ದು ಒಳಗೆ ಹೋಗಿ ಹೆಬ್ಬೆಟ್ಟು ಒತ್ತಿದಳು. ಗುತ್ತೆಪ್ಪ ಎರಡನೆಯ ಸಲ ಸತ್ತ. ಈ ಸಲ ಕುಡುಕನಾಗಿ.

ಕಾಟಪ್ಪನನ್ನು ಬಿಟ್ಟರು ಅನ್ನುವುದಕ್ಕಿಂತ ಜಗಲಿಯ ಮೇಲೆ ತಂದು ಹಾಕಿದರು ಅನ್ನಬೇಕು. ಅವನಿಗೆ ನಿಲ್ಲಲು ಆಗುತ್ತಿರಲಿಲ್ಲ. ಅಂಗಾಲು ಬಾತಿದ್ದವು. ಗಾಡಿಯಲ್ಲಿ ತಂದು ದಿಬ್ಬದ ಮೇಲೆ ಗುಡಿಸಲ ಮುಂದೆ ಮಲಗಿಸಿದರು. ಕೆಮ್ಮಿದರೆ ಬಾಯಿಂದ ರಕ್ತ ಬರುತ್ತಿತ್ತು. ಹೆಂಡತಿಯನ್ನು ನೋಡಿದ, ಆಮೇಲೆ ಅತ್ತಿಗೆಯನ್ನು ಹುಡುಕಿದ.

"ಅತ್ಗೆ, ನಾ ಒಪ್ಕಳ್ಲಿಲ್ಲ."

ದುರುಗವ್ವ ಮಸಿ ಮೆತ್ತಿದ ಹೆಬ್ಬೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಕಾಟಪ್ಪ ಹೋದ. ಯಲ್ಲಕ್ಕನ ಗೋಳಿಗೆ ಕೇರಿಯೆಲ್ಲ ಬಂದು ನೆರೆಯಿತು. ಅಳುವವರು ಅತ್ತರು. ಗಂಡಸರು ಚಟ್ಟಕ್ಕೆ ಬಿದಿರು ಹುಡುಕಿದರು. ಕೊಟ್ರವ್ವ ಕಣ್ಣೊರೆಸಿಕೊಳ್ಳುತ್ತ ಸಗಣಿ ಕಲಸಿದ ಬಕೆಟ್ಟು ತಂದು ದುರುಗವ್ವನ ಪಕ್ಕ ಇಟ್ಟಳು.

ದುರುಗವ್ವ ಬಕೆಟ್ಟನ್ನು ನೋಡಿದಳು. ಎದ್ದು ಅದನ್ನು ಎತ್ತಿಕೊಂಡು ಹೋಗಿ ದೂರ ಇಟ್ಟು ಬಂದಳು. ಹೆಣ ಎತ್ತಬೇಡಿ, ನೆಲ ಮುಟ್ಟಬೇಡಿ ಎಂದಳು. ಒಲೆ ಹಚ್ಚೋದು ಹೆಂಗವ್ವಾ ಎಂದಳು ಕೊಟ್ರವ್ವ. ಹಚ್ಚೋದು ಬೇಡ ಎಂದಳು. ರಕ್ತದ ಸುತ್ತ ನಾಲ್ಕು ಕಲ್ಲು ಇಟ್ಟು ಅದರ ಪಕ್ಕದಲ್ಲೇ ಕೂತಳು. ಮೊದಲು ಯಲ್ಲಕ್ಕ ಬಂದು ಕೂತಳು. ಆಮೇಲೆ ಕೊಟ್ರವ್ವ, ಹತ್ತಿ ಬಿಡಿಸುವ ಹೆಂಗಸರು ಬಂದರು. ಕಡೆಗೆ ಅವತ್ತು ಹಿಂದೆ ಸರಿದಿದ್ದ ಆ ಇಬ್ಬರು ಗಂಡಸರೂ ಬಂದು ತಲೆ ತಗ್ಗಿಸಿ ಕೂತರು.

ಸುದ್ದಿ ಮುಟ್ಟಿ ಜೀಪು ಬಂತು. ಸಾಹೇಬರು ಕಲ್ಲುಗಳನ್ನೂ ಹೆಣವನ್ನೂ ನೋಡಿದರು. ನೆರೆ ಬಂದ ಊರು, ಕಾಲರಾ ಹಬ್ಬಿದರೆ ಯಾರು ಹೊಣೆ ಎಂದು ದಬಾಯಿಸಿದರು. ತಕ್ಷಣ ಹೆಣ ಎತ್ತಿ ಜಾಗ ತೊಳೆಯಿರಿ ಎಂದರು. ಯಾರೂ ಏಳಲಿಲ್ಲ.

ದುರುಗವ್ವ ಎದ್ದು ನಿಂತು ಹೆಬ್ಬೆಟ್ಟು ಮುಂದೆ ಚಾಚಿದಳು. ಅವಳ ದನಿ ಏರಲಿಲ್ಲ.

"ಒಂದ್ಸಲ ಸಗಣಿ ಹಾಕಿ ಸಾರ್ಸಿದೆ. ಇನ್ನೊಂದ್ಸಲ ಮಸಿ ಹಾಕಿ ಸಾರ್ಸಿದೆ. ಮೂರ್ನೇ ಸಲ ಸಾರ್ಸಂಗಿಲ್ರೀ. ಚಿತ್ರದುರ್ಗದ ಜಿಲ್ಲಾ ಕಚೇರಿಯಿಂದ ನಿಮ್ ಮ್ಯಾಲಿನೋರು ಬರ್ಲಿ. ಈ ನೆಲ ನೋಡ್ಲಿ. ಬರ್ಕಂಡ್ ಮ್ಯಾಲೆ ಹೆಣ ಎತ್ತತೀವಿ."

"ಮೈಯಾಗ ಕೊಬ್ಬು ಬಂದೈತಾ?"

"ಇಲ್ರೀ. ಬುದ್ಧಿ ಬಂದೈತೆ."

ಸಾಹೇಬರು ರಜಾಕ್‌ನ ಕಡೆ ತಿರುಗಿದರು. ಆ ಬಕೆಟ್ ತಗೊಂಡು ನೀನೇ ಸಾರಿಸು ಎಂದು ಅಪ್ಪಣೆ ಮಾಡಿದರು. ರಜಾಕ್ ಬಕೆಟ್ಟಿನವರೆಗೆ ಹೋದ. ನೆಲದ ಮೇಲೆ ಕೂತ ಅಷ್ಟೂ ಜನ ಅವನನ್ನೇ ನೋಡುತ್ತಿದ್ದರು. ಅವನು ಬಗ್ಗಲಿಲ್ಲ. ಬಕೆಟ್ಟಿನ ಪಕ್ಕ ಅಟೆನ್ಷನ್‌ನಲ್ಲಿ ನಿಂತುಬಿಟ್ಟ. ಅವನಿಗೆ ಆಮೇಲೆ ಏನಾಯಿತು ಅನ್ನುವುದು ಬೇರೆ ಮಾತು, ಒಳ್ಳೆಯದಂತೂ ಆಗಲಿಲ್ಲ.

ಜೀಪು ಹೊರಟುಹೋಯಿತು. ಮತ್ತೆ ಬರುತ್ತದೆ, ಇನ್ನಷ್ಟು ಲಾಠಿ ತರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಬಿಸಿಲು ಇಳಿಯಿತು. ಬಕೆಟ್ಟಿನಲ್ಲಿ ಸಗಣಿ ಹೆಪ್ಪುಗಟ್ಟಿತು. ಅವತ್ತು ದಿಬ್ಬದ ಮೇಲಿನ ಅರವತ್ತು ಗುಡಿಸಲಿನಲ್ಲಿ ಒಂದು ಒಲೆಯೂ ಹತ್ತಲಿಲ್ಲ. ಊಟ ಯಾವಾಗ ಎಂದು ಮಕ್ಕಳೂ ಕೇಳಲಿಲ್ಲ.